ರಾಣಿ ಜೇನು ಆಳ್ವಿಕೆ ಮಾಡಲ್ಲ, ವಾಸನೆ ಬಿಡುತ್ತೆ ಅಷ್ಟೇ

ಚೆನ್ನಾಗಿರೋ ಒಂದು ಜೇನು ಕುಟುಂಬದಿಂದ ರಾಣಿನ ಮಾತ್ರ ಮೆಲ್ಲಗೆ ಎತ್ತಿ ಹೊರಗಿಟ್ಬಿಡಿ, ಬೇರೆ ಏನನ್ನೂ ಮುಟ್ಬೇಡಿ. ಎರಿ ಹಾಗೇ ಇದೆ, ತುಪ್ಪ ಹಾಗೇ ಇದೆ, ಮರಿಹುಳುಗಳೂ ಇದ್ದಾವೆ, ಹತ್ತಾರು ಸಾವಿರ ನೊಣಗಳಲ್ಲಿ ಕಮ್ಮಿ ಆಗಿದ್ದು ಒಂದೇ ಒಂದು. ಆದ್ರೂ ಕೆಲವೇ ಗಂಟೆಯಲ್ಲಿ ಗೂಡಿನ ಸದ್ದೇ ಬದಲಾಗುತ್ತೆ, ನೊಣಗಳು ಎರಿ ಮೇಲೆ ಗೊತ್ತುಗುರಿ ಇಲ್ಲದೆ ಓಡಾಡೋಕೆ ಶುರು ಮಾಡ್ತವೆ, ಒಂದೆರಡು ದಿನ ಕಳೆಯೋದ್ರೊಳಗೆ ಮಾಮೂಲಿ ಕೋಣೆಗಳಲ್ಲಿ ಮಲಗಿದ್ದ ಎಳೇ ಹೆಣ್ಣು ಮರಿಗಳಲ್ಲಿ ಕೆಲವನ್ನ ಆರಿಸ್ಕೊಂಡು ಅವುಗಳ ಕೋಣೆಯನ್ನ ಅಗಲ ಮಾಡಿ ಕೆಳಮುಖವಾಗಿ ಉದ್ದ ಮಾಡಿ ಹೊಸ ರಾಣಿ ಬೆಳೆಸೋ ಕೆಲಸಾನೂ ಶುರುವಾಗಿರುತ್ತೆ. ಗೂಡೊಳಗೆ ಕತ್ತಲು. ಯಾರೂ ರಾಣಿನ ನೋಡ್ತಾ ಕೂತಿರಲಿಲ್ಲ, ಬಹುಪಾಲು ನೊಣಗಳು ಅವತ್ತು ರಾಣಿ ಹತ್ರಕ್ಕೂ ಸುಳಿದಿರಲಿಲ್ಲ. ಹಾಗಾದ್ರೆ ರಾಣಿ ಹೋಯ್ತು ಅನ್ನೋ ಸುದ್ದಿ ಇಡೀ ಗೂಡಿಗೆ ಮುಟ್ಟಿದ್ದು ಹೇಗೆ?

ಸುದ್ದಿ ಮುಟ್ಟಲೇ ಇಲ್ಲ. ದಿನಾ ಬರ್ತಾ ಇದ್ದ ಒಂದು ಸುದ್ದಿ ನಿಂತುಹೋಯ್ತು, ಅಷ್ಟೇ ಆಗಿದ್ದು. ಜೇನುಗೂಡಿನ ಕೆಮಿಕಲ್ ಸಿಗ್ನಲ್‌ಗಳ ಬಗ್ಗೆ ಓದುವಾಗ ಇದೊಂದು ವಿಷಯ ತಲೆಲಿ ಇಟ್ಕೊಂಡ್ರೆ ಮಿಕ್ಕಿದ್ದೆಲ್ಲಾ ಸುಲಭವಾಗಿ ಅರ್ಥ ಆಗುತ್ತೆ ಅಂತ ನನಗನ್ಸುತ್ತೆ, ಅದೇನಂದ್ರೆ ಒಂದು ವಾಸನೆ ಎಷ್ಟು ಬೇಗ ಮಾಯ ಆಗುತ್ತೆ ಅನ್ನೋದು ಆ ವಾಸನೆ ಏನು ಹೇಳುತ್ತೆ ಅನ್ನೋದರಷ್ಟೇ ಮುಖ್ಯ.

ಒಂದು ಪ್ರಾಣಿಯ ಮೈಯಿಂದ ಹೊರಗೆ ಬಂದು ಅದೇ ಜಾತಿಯ ಇನ್ನೊಂದು ಪ್ರಾಣಿಯ ನಡವಳಿಕೆನೋ ದೇಹಸ್ಥಿತಿನೋ ಬದಲಾಯಿಸೋ ಕೆಮಿಕಲ್‌ಗೆ ಫೆರೋಮೋನ್ ಅಂತಾರೆ, 1959ರಲ್ಲಿ ಪೀಟರ್ ಕಾರ್ಲ್‌ಸನ್ ಮತ್ತೆ ಮಾರ್ಟಿನ್ ಲೂಷರ್ ಅನ್ನೋ ಇಬ್ಬರು ವಿಜ್ಞಾನಿಗಳು ಇಟ್ಟ ಹೆಸರು ಇದು. ಹಾರ್ಮೋನ್ ಒಂದೇ ದೇಹದೊಳಗೆ ಓಡಾಡುತ್ತೆ, ಇದು ದೇಹದಿಂದ ದೇಹಕ್ಕೆ ಹೋಗುತ್ತೆ. ಇದರಲ್ಲಿ ಎರಡು ಬಗೆ. ಒಂದು ಮೂಗಿಗೆ ಬಡಿದ ಕೂಡಲೇ ಏನೋ ಮಾಡಿಸೋದು, ಅಂದ್ರೆ ಕುಟುಕು, ಇಲ್ಲಿ ಬಾ, ಓಡು ಅನ್ನೋ ಥರದ್ದು. ಇನ್ನೊಂದು ದಿನಗಟ್ಟಲೆ ಮೈಮೇಲೆ ಕೆಲಸ ಮಾಡಿ ಹಾರ್ಮೋನ್ ಮಟ್ಟವನ್ನೇ ಬದಲಾಯಿಸಿ ಆ ನೊಣ ಯಾವ ಕೆಲಸಕ್ಕೆ ತಯಾರಾಗುತ್ತೆ ಅನ್ನೋದನ್ನೇ ತಿರುಗಿಸೋದು. ಒಂದೇ ಕೆಮಿಕಲ್ ಎರಡೂ ಕೆಲಸ ಮಾಡೋದೂ ಉಂಟು, ರಾಣಿ ವಾಸನೆ ಅಂಥದ್ದೇ, ಅದಕ್ಕೆ ಆಮೇಲೆ ಬರ್ತೀನಿ.

ಮೂಗು ಅಂತ ಸುಮ್ನೆ ಬಾಯಿಮಾತಿಗೆ ಅಂದೆ, ಜೇನಿಗೆ ಮೂಗಿಲ್ಲ, ತಲೆ ಮೇಲಿನ ಎರಡು ಮೀಸೆಗಳೇ ಎಲ್ಲಾ. 2006ರಲ್ಲಿ ಜೇನಿನ ಜೀನೋಮ್ ಪೂರ್ತಿ ಓದಿದಾಗ ವಾಸನೆ ಹಿಡಿಯೋ ರಿಸೆಪ್ಟರ್‌ಗಳ ಜೀನ್ ಸುಮಾರು 170 ಸಿಕ್ಕವು, ಅದೇ ಹಣ್ಣಿನ ನೊಣಕ್ಕೆ ಇರೋದು 60ರ ಆಸುಪಾಸು. ಕತ್ತಲೆಯ ಗೂಡಲ್ಲಿ ಸಂಸಾರ ಮಾಡೋ ಕೀಟಕ್ಕೆ ಅಷ್ಟು ಬೇಕೇ ಬೇಕು ಬಿಡಿ.

ಮೊದಲು ಎಲ್ಲಕ್ಕಿಂತ ಜೋರಾದ ಸಿಗ್ನಲ್ ನೋಡೋಣ. ಕೆಲಸಗಾರ ಜೇನಿನ ಮುಳ್ಳಿಗೆ ಹಿಂದಕ್ಕೆ ಬಾಗಿದ ಸಣ್ಣ ಸಣ್ಣ ಕೊಕ್ಕೆಗಳಿವೆ, ಮನುಷ್ಯನ ಚರ್ಮಕ್ಕೆ ಚುಚ್ಚಿದ್ರೆ ವಾಪಸ್ ಬರಲ್ಲ, ನೊಣ ಎಳ್ಕೊಂಡು ಹಾರಿದಾಗ ಮುಳ್ಳಿನ ಜೊತೆ ವಿಷದ ಚೀಲ, ಅದನ್ನ ಹಿಂಡೋ ಸ್ನಾಯು, ಆ ಸ್ನಾಯುವನ್ನ ನಡೆಸೋ ಒಂದು ನರದ ಗಂಟು ಎಲ್ಲಾ ಕಿತ್ಕೊಂಡು ಬಂದು ಚರ್ಮದ ಮೇಲೇ ಉಳಿದುಬಿಡುತ್ತೆ. ಹತ್ತಿರದಿಂದ ನೋಡಿದ್ರೆ ನೊಣ ಹೋದ ಮೇಲೂ ಆ ಚೀಲ ತನ್ನಷ್ಟಕ್ಕೆ ತಾನು ಮಿಡಿತಾ ಇರೋದು ಕಾಣುತ್ತೆ, ವಿಷ ಇನ್ನೂ ಒಳಗೆ ಹೋಗ್ತಾನೇ ಇರುತ್ತೆ. ವಿಷದ ಬಗ್ಗೆ ಎಲ್ಲರಿಗೂ ಗೊತ್ತು, ಆದ್ರೆ ಅದೇ ಜಾಗದಲ್ಲಿ, ಮುಳ್ಳಿನ ಬುಡದಲ್ಲಿ, ಕೋಶೆವ್ನಿಕೋವ್ ಗ್ರಂಥಿ ಅಂತ ಇನ್ನೊಂದು ಇದೆ, ಅದರಿಂದ ಬರೋದು ಅಪಾಯದ ವಾಸನೆ. ಇದರಲ್ಲಿ ಹತ್ತಾರು ಕೆಮಿಕಲ್ ಇದ್ರೂ ಮುಖ್ಯವಾದ್ದು ಐಸೋಪೆಂಟೈಲ್ ಅಸಿಟೇಟ್, 1962ರಲ್ಲಿ ಬೋಚ್, ಶಿಯರರ್ ಮತ್ತು ಸ್ಟೋನ್ ಅನ್ನೋರು ಇದನ್ನ ಗುರುತಿಸಿದ್ರು. ಮಾಗಿದ ಬಾಳೆಹಣ್ಣಿನ ವಾಸನೆಗೂ ಇದೇ ಕಾರಣ, ಹಾಗಾಗಿ ಪೆಟ್ಟಿಗೆ ತೆಗೆದಾಗ ಇದ್ದಕ್ಕಿದ್ದಂಗೆ ಬಾಳೆಹಣ್ಣಿನ ಘಾಟು ಬಂತು ಅಂದ್ರೆ ಜೇನು ಸಾಕಿ ಅಭ್ಯಾಸ ಇರೋರು ಮುಚ್ಚಳ ಹಾಕಿ ಹಿಂದೆ ಸರೀತಾರೆ.

ಈ ವಾಸನೆಗೆ ಬರೋ ನೊಣಗಳು ಎಲ್ಲಿ ಮುಳ್ಳು ಸಿಕ್ಕಿಕೊಂಡಿದೆಯೋ ಅದರ ಅಕ್ಕಪಕ್ಕವೇ ಕುಟುಕ್ತವೆ, ಅದಕ್ಕೇ ಒಂದು ಕುಟುಕಿದ ಮೇಲೆ ಇನ್ನೂ ನಾಲ್ಕು ಬೀಳೋದು. ಕುಟುಕೋಕೆ ಮುಂಚೆನೂ ಬಿಡಬಲ್ಲವು, ಬಾಗಿಲು ಕಾಯೋ ನೊಣ ಹೊಟ್ಟೆ ಎತ್ತಿ ಮುಳ್ಳಿನ ಗೂಡನ್ನ ತೆರೆದು ರೆಕ್ಕೆ ಬೀಸುತ್ತೆ, ಅಷ್ಟಕ್ಕೇ ಒಳಗಿಂದ ದಂಡು ಹೊರಗೆ ಬರುತ್ತೆ. ಆಗಷ್ಟೇ ಕೋಣೆಯಿಂದ ಹೊರಬಂದ ನೊಣದಲ್ಲಿ ಈ ಕೆಮಿಕಲ್ ಇಲ್ಲ ಅನ್ನೋವಷ್ಟು ಕಮ್ಮಿ, ಎರಡು ಮೂರು ವಾರ ಆಗಿ ಕಾವಲಿಗೆ ನಿಲ್ಲೋ ವಯಸ್ಸು ಬಂದಾಗ ಭರ್ತಿಯಾಗಿರುತ್ತೆ. ಅಂದ್ರೆ ಬೇಕಾದಾಗ ಮಾತ್ರ ತಯಾರಿಕೆ.

ಐಸೋಪೆಂಟೈಲ್ ಅಸಿಟೇಟ್ ಬಹಳ ಸಣ್ಣ ಅಣು, ಗಾಳಿಗೆ ಬಿದ್ದ ತಕ್ಷಣ ಹಾರಿ ಹರಡುತ್ತೆ, ಸ್ವಲ್ಪ ಹೊತ್ತಿಗೆ ತೆಳುವಾಗಿ ಹೋಗುತ್ತೆ. ಅದು ಹಾಗೇ ಇರಬೇಕು, ಆಫ್ ಆಗದೇ ಇರೋ ಸೈರನ್ನಿಂದ ಯಾರಿಗೇನು ಉಪಯೋಗ? ಶತ್ರು ಹೋದ ಮೇಲೂ ಗೂಡು ರೊಚ್ಚಿಗೆದ್ದೇ ಇದ್ರೆ ಮೇವು ತರೋರು ಯಾರು, ಮರಿಗೆ ತಿನ್ನಿಸೋರು ಯಾರು. ಆದ್ರೆ ಅದೇ ಮುಳ್ಳಿನ ಬುಡದಲ್ಲಿ ಐಕೋಸೆನಾಲ್ ಅಂತ ಇನ್ನೊಂದು ಭಾರದ ಅಣುನೂ ಇದೆ, 20 ಕಾರ್ಬನ್‌ನದ್ದು, ಅದು ಬೇಗ ಆರಲ್ಲ, ಹಗುರದ್ದರ ಜೊತೆ ಸೇರಿ ಗುರಿಯ ಮೇಲೆ ಗುರುತನ್ನ ಸ್ವಲ್ಪ ಹೆಚ್ಚು ಹೊತ್ತು ಹಿಡಿದಿಡುತ್ತೆ. ಕುಟುಕಿಸ್ಕೊಂಡ್ರೆ ಮುಳ್ಳನ್ನ ಹೇಗಾದ್ರೂ ಸರಿ ಬೇಗ ಕೆರೆದು ತೆಗೆದು ಅಲ್ಲಿಂದ ದೂರ ಹೋಗಿ ಅಂತ ಹೇಳೋದು ವಿಷಕ್ಕೂ ಹೌದು, ಈ ಗುರುತಿಗೂ ಹೌದು.

ಹೊಗೆ ಹಾಕಿದ್ರೆ ಜೇನು ಶಾಂತ ಆಗೋದರ ಹಿಂದೆನೂ ಇದೇ ಇದೆ, ಕನಿಷ್ಠ ಒಂದು ಭಾಗ. ಹೊಗೆ ಬಿದ್ದಾಗ ನೊಣಗಳು ತುಪ್ಪ ತುಂಬ್ಕೊಳ್ಳೋಕೆ ಹೋಗ್ತವೆ ಅನ್ನೋದು ಸರಿನೇ, ಅದರ ಜೊತೆಗೆ ಮೀಸೆಗಳ ಸೂಕ್ಷ್ಮತೆನೇ ಸ್ವಲ್ಪ ಹೊತ್ತು ಕಮ್ಮಿ ಆಗುತ್ತೆ ಅಂತ 1995ರಲ್ಲಿ ಮೀಸೆಯಿಂದ ಬರೋ ವಿದ್ಯುತ್ ಸಿಗ್ನಲ್ ಅಳೆದು ತೋರಿಸಿದ್ರು. ಅಲಾರಂ ಹೊಡೀತಾನೇ ಇರುತ್ತೆ, ಕೇಳಿಸೋದು ಕಮ್ಮಿ. ಹೊಗೆ ಸರಿದ ಮೇಲೆ ಮತ್ತೆ ಮೊದಲಿನ ಹಾಗೇ.

ಇದಕ್ಕೆ ಪೂರ್ತಿ ಉಲ್ಟಾ ಇರೋ ವಾಸನೆ ಅಂದ್ರೆ 'ಇಲ್ಲಿ ಬನ್ನಿ' ಅನ್ನೋದು. ಹೊಟ್ಟೆಯ ಮೇಲ್ಭಾಗದಲ್ಲಿ, ಹೆಚ್ಚುಕಮ್ಮಿ ತುದಿಯಲ್ಲಿ, ಕೊನೆಯ ಎರಡು ಪಟ್ಟಿಗಳ ನಡುವೆ ನಸೋನೋವ್ ಗ್ರಂಥಿ ಅಂತ ಇದೆ. ಗೂಡಿನ ಬಾಗಿಲಲ್ಲಿ ನೊಣ ತಲೆ ಒಳಮುಖ ಮಾಡಿ ನಿಂತು, ಹೊಟ್ಟೆ ಮೇಲಕ್ಕೆತ್ತಿ, ತುದಿಯನ್ನ ಕೆಳಕ್ಕೆ ಬಗ್ಗಿಸಿ ರೆಕ್ಕೆ ಬೀಸ್ತಾ ಇದ್ರೆ ಆ ಪಟ್ಟಿಗಳ ನಡುವೆ ಒಂದು ಸಣ್ಣ ಬಿಳೀ ಗೆರೆ ಕಾಣುತ್ತೆ, ಅದೇ ಗ್ರಂಥಿ ತೆರೆದಿರೋದು. ಜೆರಾನಿಯಾಲ್, ಸಿಟ್ರಾಲ್, ನೆರೋಲಿಕ್ ಆಸಿಡ್ ಅಂತ ಒಟ್ಟು 7 ಕೆಮಿಕಲ್‌ಗಳ ಮಿಶ್ರಣ, ನಮಗೆ ನಿಂಬೆಹುಲ್ಲಿನ ಥರ ವಾಸನೆ ಬರುತ್ತೆ ಯಾಕಂದ್ರೆ ನಿಂಬೆಹುಲ್ಲಲ್ಲೂ ಸಿಟ್ರಾಲ್ ಇದೆ, ಅಲೆಮಾರಿ ಜೇನು ಹಿಡಿಯೋಕೆ ಖಾಲಿ ಪೆಟ್ಟಿಗೆಗೆ ನಿಂಬೆಹುಲ್ಲಿನ ಎಣ್ಣೆ ಸವರೋದು ಇದೇ ಲೆಕ್ಕದ ಮೇಲೆ. ಮೊದಲ ಸಲ ಹೊರಗೆ ಬಂದ ಮರಿ ನೊಣಗಳಿಗೆ ದಾರಿ ತಪ್ಪಬಾರದು ಅಂತ, ಕುಟುಂಬ ಪಾಲಾಗಿ ಹೊರಟಾಗ ಗುಂಪು ಚದುರಬಾರದು ಅಂತ, ವಾಸನೆ ಇಲ್ಲದ ನೀರಿನ ಜಾಗ ತೋರಿಸ್ಬೇಕು ಅಂತ, ಹೀಗೆ ಎಲ್ಲೆಲ್ಲಿ ಸೇರ್ಕೋಬೇಕೋ ಅಲ್ಲೆಲ್ಲಾ ಇದನ್ನ ಬಿಡ್ತವೆ. ಆದ್ರೆ ಪಾಲಾಗಿ ಹೊರಟ ಗುಂಪು ಕೊಂಬೆಗೆ ಕೂತು ಎಷ್ಟೇ ರೆಕ್ಕೆ ಬೀಸಿದ್ರೂ ಅದರೊಳಗೆ ರಾಣಿ ವಾಸನೆ ಸಿಗಲಿಲ್ಲ ಅಂದ್ರೆ ಸ್ವಲ್ಪ ಹೊತ್ತಲ್ಲೇ ಎದ್ದು ಹಳೇ ಗೂಡಿಗೇ ವಾಪಸ್ ಹೋಗ್ತವೆ.

ಸರಿ, ಈಗ ರಾಣಿ.

1950ರ ದಶಕದಲ್ಲಿ ಕಾಲಿನ್ ಬಟ್ಲರ್ ಅನ್ನೋ ಬ್ರಿಟಿಷ್ ವಿಜ್ಞಾನಿ, ರಾಣಿ ಮೈಮೇಲಿಂದ ಕೆಲಸಗಾರ ನೊಣಗಳು ಏನನ್ನೋ ನೆಕ್ಕಿ ಹಂಚ್ಕೊಳ್ತವೆ, ಅದು ಸಿಗ್ತಾ ಇರೋವರೆಗೆ ಬೇರೆ ರಾಣಿ ಬೆಳೆಸಲ್ಲ ಅಂತ ತೋರಿಸಿದ್ರು. 1960ರ ಸುಮಾರಿಗೆ ಅದರಲ್ಲಿ ಮುಖ್ಯವಾದ ಅಣು ಯಾವುದು ಅಂತ ಗೊತ್ತಾಯ್ತು, ಉದ್ದ ಹೆಸರು 9-ಆಕ್ಸೋ-2-ಡೆಸಿನಾಯ್ಕ್ ಆಸಿಡ್, ಎಲ್ಲರೂ 9-ಓಡಿಎ ಅಂತಾರೆ. ಬರೋದು ರಾಣಿಯ ದವಡೆ ಗ್ರಂಥಿಯಿಂದ. ಆದ್ರೆ ಇದೊಂದನ್ನೇ ತಯಾರಿಸಿ ಕೊಟ್ರೆ ನೊಣಗಳು ನಿಜವಾದ ರಾಣಿಗೆ ಮಾಡೋ ಥರ ಸುತ್ತುವರಿಯಲಿಲ್ಲ. 1988ರಲ್ಲಿ ಕೀತ್ ಸ್ಲೆಸರ್, ಮಾರ್ಕ್ ವಿನ್‌ಸ್ಟನ್ ತಂಡದವರು 5 ಕೆಮಿಕಲ್ ಸೇರಿಸಿದ್ರೆ ಮಾತ್ರ ಕೆಲಸ ಆಗುತ್ತೆ ಅಂದ್ರು, 2003ರಲ್ಲಿ ಇನ್ನೂ 4 ಸೇರಿದವು. ಒಂದೊಂದನ್ನೇ ಕೊಟ್ರೆ ಹೆಚ್ಚುಕಮ್ಮಿ ಏನೂ ಇಲ್ಲ, ಒಟ್ಟಿಗೆ ಕೊಟ್ರೆ ಗಾಜಿನ ತುಂಡಿಗೆ ಹಚ್ಚಿದ್ರೂ ಅದನ್ನೇ ರಾಣಿ ಅಂತ ನೆಕ್ಕೋಕೆ ಬರ್ತವೆ.

ಮೊಟ್ಟೆ ಇಡೋ ರಾಣಿ ಹತ್ರ ಇರೋ 9-ಓಡಿಎ ಸುಮಾರು 200 ಮೈಕ್ರೋಗ್ರಾಂ, ಅಂದ್ರೆ ಒಂದು ಗ್ರಾಂ ಬೇಕಂದ್ರೆ ಸುಮಾರು 5000 ರಾಣಿ ಬೇಕು. ಇಷ್ಟೇ ಇಷ್ಟರಲ್ಲಿ ಇಡೀ ಗೂಡು ನಡೆಯುತ್ತೆ.

ಇದನ್ನ ರಾಣಿ ಮಾಡೋ ರೀತಿ ಇದೆಯಲ್ಲ, ಈ ವಿಷಯದಲ್ಲಿ ನನಗೆ ತುಂಬಾ ಇಷ್ಟ ಆದ ಭಾಗ ಅದೇ, ಸ್ವಲ್ಪ ನಿಧಾನಕ್ಕೆ ಓದಿ. ರಾಣಿ ಮತ್ತು ಕೆಲಸಗಾರ ನೊಣ ಇಬ್ಬರೂ ಹೆಣ್ಣೇ, ಇಬ್ಬರ ಜೀನ್‌ಗಳಲ್ಲೂ ಜಾತಿಭೇದ ಇಲ್ಲ, ಮರಿಯಾಗಿದ್ದಾಗ ಸಿಕ್ಕ ಆಹಾರದಿಂದ ಮಾತ್ರ ದಾರಿ ಬೇರೆ ಆಗಿದ್ದು. ಇಬ್ಬರಿಗೂ ದವಡೆ ಗ್ರಂಥಿ ಇದೆ, ಇಬ್ಬರೂ ಶುರು ಮಾಡೋದು ಸ್ಟಿಯರಿಕ್ ಆಸಿಡ್ ಅನ್ನೋ ಒಂದೇ ಕೊಬ್ಬಿನಿಂದ, ಅದು 18 ಕಾರ್ಬನ್‌ಗಳ ಸರಪಳಿ. ಮೊದಲ ಹೆಜ್ಜೆಯಲ್ಲಿ ಒಂದು ಎನ್‌ಜೈಮ್ ಬಂದು ಸರಪಳಿಯ ಬಾಲಕ್ಕೆ ಒಂದು ಆಕ್ಸಿಜನ್-ಹೈಡ್ರೋಜನ್ ಜೋಡಿ ಅಂಟಿಸುತ್ತೆ. ಕೆಲಸಗಾರ ನೊಣದಲ್ಲಿ ಅದು ಕಟ್ಟಕಡೆಯ ಕಾರ್ಬನ್‌ಗೆ, ಅಂದ್ರೆ 18ನೆಯದಕ್ಕೆ. ರಾಣಿಯಲ್ಲಿ ಅದರ ಹಿಂದಿನದಕ್ಕೆ, 17ನೆಯದಕ್ಕೆ. ಬರೀ ಒಂದು ಕಾರ್ಬನ್ ವ್ಯತ್ಯಾಸ. ಆಮೇಲೆ ಇಬ್ಬರಲ್ಲೂ ಸರಪಳಿನ ತಲೆ ಕಡೆಯಿಂದ ಎರಡೆರಡೇ ಕಾರ್ಬನ್‌ನಂತೆ ಕತ್ತರಿಸ್ತಾ ಬರೋದು, 18 ಹೋಗಿ 16, 14, 12, ಕೊನೆಗೆ 10ಕ್ಕೆ ನಿಲ್ಲುತ್ತೆ. ಕೆಲಸಗಾರ ನೊಣದಲ್ಲಿ ಸಿಗೋದು 10-ಎಚ್‌ಡಿಎ, ಅದು ರಾಯಲ್ ಜೆಲ್ಲಿಯಲ್ಲಿರೋ ಮುಖ್ಯ ಕೊಬ್ಬು, ಅಂದ್ರೆ ಮರಿಗಳಿಗೆ ತಿನ್ನಿಸೋ ಆಹಾರದ ಭಾಗ. ರಾಣಿಯಲ್ಲಿ ಸಿಗೋದು 9-ಎಚ್‌ಡಿಎ, ಅದಕ್ಕೆ ಇನ್ನೊಂದು ಸಣ್ಣ ಬದಲಾವಣೆ ಮಾಡಿದ್ರೆ 9-ಓಡಿಎ. ಒಂದೇ ಕೊಬ್ಬು, ಒಂದೇ ಗ್ರಂಥಿ, ಒಂದು ಕಡೆ ರಾಣಿಗೆ ಊಟ ಆಗುತ್ತೆ ಇನ್ನೊಂದು ಕಡೆ ರಾಣಿ ಅನ್ನೋ ಗುರುತೇ ಆಗುತ್ತೆ. 1996ರಲ್ಲಿ ಎರಿಕಾ ಪ್ಲೆಟ್ನರ್ ತಂಡ ಈ ದಾರಿನ ಹಂತ ಹಂತವಾಗಿ ಬಿಡಿಸಿ ತೋರಿಸಿತು.

ಇನ್ನೂ ಮಜಾ ಅಂದ್ರೆ ಕೆಲಸಗಾರ ನೊಣದಲ್ಲಿ ಆ 17ನೇ ಕಾರ್ಬನ್ ದಾರಿ ಪೂರ್ತಿ ಮುಚ್ಚಿರಲ್ಲ. ರಾಣಿನೂ ಇಲ್ಲ ಮರಿನೂ ಇಲ್ಲ ಅನ್ನೋ ಸ್ಥಿತಿ ವಾರಗಟ್ಟಲೆ ಇದ್ರೆ ಕೆಲವು ಕೆಲಸಗಾರ ನೊಣಗಳ ಅಂಡಾಶಯ ಬೆಳೆದು ಮೊಟ್ಟೆ ಇಡೋಕೆ ಶುರು ಮಾಡ್ತವೆ, ಅವುಗಳ ಗ್ರಂಥಿಯಲ್ಲೂ ರಾಣಿ ಕಡೆಯ ಕೆಮಿಕಲ್‌ಗಳು ಸ್ವಲ್ಪ ಸ್ವಲ್ಪ ಕಾಣಿಸ್ಕೊಳ್ತವೆ. ದಕ್ಷಿಣ ಆಫ್ರಿಕಾದ ಕೇಪ್ ಜೇನಿನಲ್ಲಂತೂ ಕೆಲಸಗಾರ ನೊಣಗಳು ಇದನ್ನ ರಾಣಿಗೆ ಸಡ್ಡು ಹೊಡೆಯೋವಷ್ಟು ಮಾಡಬಲ್ಲವು, ಬೇರೆಯವರ ಗೂಡಿಗೆ ನುಗ್ಗಿ ಅಲ್ಲಿ ತಾವೇ ರಾಣಿ ಅಂತ ಕೂತುಬಿಡ್ತವೆ. ಆದ್ರೆ ಮಾಮೂಲಿ ಕೆಲಸಗಾರ ನೊಣ ಗಂಡಿನ ಜೊತೆ ಕೂಡಿರಲ್ಲ, ಅದಿಟ್ಟ ಮೊಟ್ಟೆಯಿಂದ ಗಂಡು ಜೇನು ಮಾತ್ರ ಹುಟ್ಟುತ್ತೆ, ಹಾಗಾಗಿ ಗೂಡು ಮುಳುಗೋದು ಗ್ಯಾರಂಟಿ.

ಈಗ ಹಂಚಿಕೆ ವಿಷಯ. 9-ಓಡಿಎ ಅಪಾಯದ ವಾಸನೆ ಥರ ಹಗುರ ಅಲ್ಲ, ಭಾರದ ಆಸಿಡ್, ಶುದ್ಧ ರೂಪದಲ್ಲಿ ಗಟ್ಟಿ ಪದಾರ್ಥ, ತಾನಾಗೇ ಗಾಳಿಲಿ ಹಾರಿ ಗೂಡೆಲ್ಲಾ ತುಂಬಲ್ಲ. ಅದನ್ನ ಹೊತ್ಕೊಂಡು ಹೋಗ್ಬೇಕು. ರಾಣಿ ಎರಿ ಮೇಲೆ ನಿಂತಾಗ ಸುತ್ತ ಎಂಟು ಹತ್ತು ನೊಣಗಳು ತಲೆಯನ್ನ ರಾಣಿ ಕಡೆಗಿಟ್ಟು ವೃತ್ತ ಕಟ್ಟಿರ್ತವೆ, ಕೆಲವು ನಾಲಿಗೆಯಿಂದ ನೆಕ್ತವೆ, ಕೆಲವು ಬರೀ ಮೀಸೆಯಿಂದ ಸವರ್ತವೆ, ರಾಣಿ ನಡೆದ್ರೆ ದಾರಿ ಬಿಡ್ತವೆ, ಮುಂದೆ ಹೋಗಿ ನಿಂತಲ್ಲಿ ಬೇರೆ ನೊಣಗಳು ವೃತ್ತ ಕಟ್ತವೆ. ಒಂದು ನೊಣ ಅಲ್ಲಿ ಇರೋದು ಕೆಲವೇ ನಿಮಿಷ. ಆಮೇಲೆ ತನ್ನ ಮೈ ಮೀಸೆ ಒರೆಸ್ಕೊಂಡು ಹೊರಡುತ್ತೆ. 1979ರಲ್ಲಿ ಥಾಮಸ್ ಸೀಲಿ ಹೀಗೆ ಹೊರಟ ನೊಣಗಳ ಬೆನ್ನುಹತ್ತಿ ನೋಡಿದಾಗ ಅವು ಮುಂದಿನ ಸುಮಾರು ಅರ್ಧ ಗಂಟೆ ಮಾಮೂಲಿಗಿಂತ ಜಾಸ್ತಿ ಓಡಾಡಿ ಎದುರು ಸಿಕ್ಕ ನೊಣಗಳ ಜೊತೆ ಮೀಸೆಗೆ ಮೀಸೆ ತಾಗಿಸ್ತಾ ಹೋದವು ಅಂತ ಬರೆದಿದ್ದಾರೆ. ಹೀಗೆ ಒಬ್ಬರಿಂದ ಒಬ್ಬರಿಗೆ ಹೋಗ್ತಾ ಹೋಗ್ತಾ ಅದು ತೆಳುವಾಗುತ್ತೆ, ಮೈಯೊಳಗೆ ಇಂಗುತ್ತೆ, ಮೇಣಕ್ಕೆ ಅಂಟುತ್ತೆ, ಕೆಡುತ್ತೆ. ರಾಣಿ ದಿನಾ ಹೊಸದಾಗಿ ಮಾಡ್ತಾ ಇರೋದಕ್ಕೇ ಮಟ್ಟ ಉಳಿದಿರೋದು. ರಾಣಿ ಹೋದ ಗಂಟೆಯಿಂದ ಹೊಸ ಸರಕು ಬರಲ್ಲ, ಇದ್ದದ್ದು ಕರಗ್ತಾ ಹೋಗುತ್ತೆ, ಎಲ್ಲ ಮೂಲೆಯಲ್ಲೂ ಒಟ್ಟಿಗೆ. ಅದಕ್ಕೇ ಯಾರೂ ಹೋಗಿ ಹೇಳದಿದ್ರೂ ಎಲ್ಲರಿಗೂ ಗೊತ್ತಾಗೋದು.

ಇದೇ ಲೆಕ್ಕದಿಂದ ಇನ್ನೊಂದು ವಿಷಯನೂ ಹೊರಡುತ್ತೆ. ರಾಣಿ ಆರೋಗ್ಯವಾಗೇ ಇದೆ, ಆದ್ರೆ ನೊಣಗಳು ತುಂಬಾ ಜಾಸ್ತಿ ಆಗಿ ಗೂಡು ಕಿಕ್ಕಿರಿದಿದೆ ಅಂದ್ಕೊಳ್ಳಿ, ಆಗ ಒಂದೊಂದು ನೊಣಕ್ಕೆ ಸಿಗೋ ಪಾಲು ಕಮ್ಮಿ, ಅಂಚಿನಲ್ಲಿರೋರಿಗೆ ಇನ್ನೂ ಕಮ್ಮಿ, ರಾಣಿ ಕಾಲಿಂದ ಎರಿ ಮೇಲೆ ಬೀಳೋ ಹೆಜ್ಜೆ ವಾಸನೆನೂ ಕೆಳಗಿನ ಅಂಚಿಗೆ ಮುಟ್ಟಲ್ಲ, ಹೊಸ ರಾಣಿ ಬೆಳೆಸೋ ಕೋಣೆಗಳು ಶುರುವಾಗೋದೂ ಅಲ್ಲೇ. ಕುಟುಂಬ ಪಾಲಾಗೋಕೆ ಇದೂ ಒಂದು ಕಾರಣ, ಒಂದೇ ಕಾರಣ ಅಲ್ಲ. ಲ್ಯಾಬ್‌ನಲ್ಲಿ ಮಾಡಿದ ರಾಣಿ ವಾಸನೆಯನ್ನ ಹೆಚ್ಚುವರಿಯಾಗಿ ಗೂಡಿಗೆ ಕೊಟ್ಟು ನೋಡಿದಾಗ ಪಾಲಾಗೋದು ತಡ ಆಗಿದೆ.

ಹಾಗಿದ್ರೆ ರಾಣಿ ಈ ವಾಸನೆಯಿಂದ ಮಿಕ್ಕವರನ್ನ ಹತೋಟಿಲಿ ಇಟ್ಕೊಂಡಿದೆ, ಅವುಗಳಿಗೆ ಮೊಟ್ಟೆ ಇಡೋಕೆ ಬಿಡ್ತಾ ಇಲ್ಲ ಅಂತಲ್ವಾ? ತುಂಬಾ ಕಡೆ ಹೀಗೇ ಬರೀತಾರೆ, ನನಗೆ ಅದು ಒಪ್ಪಿಗೆ ಇಲ್ಲ. 1993ರಲ್ಲಿ ಲಾರೆಂಟ್ ಕೆಲ್ಲರ್ ಮತ್ತು ಪೀಟರ್ ನೊನಾಕ್ಸ್ ಇದರ ಬಗ್ಗೆ ಎತ್ತಿದ ವಾದ ಸರಳವಾಗಿದೆ: ಅದು ಬರೀ ದಬ್ಬಾಳಿಕೆ ಆಗಿದ್ರೆ ಅದಕ್ಕೆ ಬಗ್ಗದೇ ಇರೋ ಕೆಲಸಗಾರ ನೊಣಗಳು ಎಂದೋ ವಿಕಾಸ ಆಗಿರ್ತಿದ್ದವು. ಮತ್ತೆ ಯಾರೂ ಬಲವಂತ ಮಾಡ್ತಿಲ್ಲ ನೋಡಿ, ನೊಣಗಳೇ ಬಂದು ನೆಕ್ಕಿ ಹೊತ್ಕೊಂಡು ಹೋಗಿ ಹಂಚ್ತವೆ. 'ಒಳ್ಳೇ ರಾಣಿ ಇದೆ, ಮೊಟ್ಟೆ ಬೀಳ್ತಾ ಇದೆ' ಅನ್ನೋ ಮಾಹಿತಿ ಅದು, ಆ ಮಾಹಿತಿ ಇದ್ದಾಗ ಅಕ್ಕತಂಗಿಯರನ್ನ ಸಾಕೋದೇ ಅವುಗಳಿಗೂ ಲಾಭ. ಆಮೇಲೆ ರಾಣಿ ಇದ್ದಾಗ್ಲೂ ಯಾವುದಾದ್ರೂ ಕೆಲಸಗಾರ ನೊಣ ಕದ್ದು ಮೊಟ್ಟೆ ಇಟ್ರೆ ಅದನ್ನ ಹುಡುಕಿ ತಿಂದುಹಾಕೋದು ರಾಣಿ ಅಲ್ಲ, ಬೇರೆ ಕೆಲಸಗಾರ ನೊಣಗಳೇ.

ಆದ್ರೂ ಒಂದು ಪ್ರಯೋಗ ಇದೆ, ಅದನ್ನ ಓದಿದಾಗ ಸ್ವಲ್ಪ ಅನುಮಾನ ಬರುತ್ತೆ. ರಾಣಿ ಮಿಶ್ರಣದಲ್ಲಿ ಎಚ್‌ವಿಎ ಅನ್ನೋ ಒಂದು ಕೆಮಿಕಲ್ ಇದೆ, ಅದರ ಆಕಾರ, ಕೆಟ್ಟ ಅನುಭವದಿಂದ ಕಲಿಯೋಕೆ ಜೇನಿನ ಮಿದುಳಿಗೆ ಬೇಕಾದ ಡೋಪಮಿನ್ ಅನ್ನೋ ಕೆಮಿಕಲ್ ಥರಾನೇ. 2007ರಲ್ಲಿ ನ್ಯೂಜಿಲೆಂಡಿನ ಅಲಿಸನ್ ಮರ್ಸರ್ ತಂಡದವರು ಎಳೇ ನೊಣಗಳಿಗೆ ಒಂದು ವಾಸನೆ ತೋರಿಸಿ ಸಣ್ಣ ಶಾಕ್ ಕೊಟ್ರು, ಮಾಮೂಲಿಯಾಗಿ ಆ ವಾಸನೆ ಮತ್ತೆ ಬಂದ್ರೆ ನೊಣ ಹೆದರಿ ಮುಳ್ಳು ಚಾಚ್ಬೇಕು. ರಾಣಿ ವಾಸನೆ ಜೊತೆ ಬೆಳೆದ ಎಳೇ ನೊಣಗಳು ಅದನ್ನ ಕಲೀಲೇ ಇಲ್ಲ. ಸಕ್ಕರೆ ನೀರು ಕೊಟ್ಟು ಕಲಿಸಿದ್ದನ್ನ ಮಾತ್ರ ಚೆನ್ನಾಗಿ ಕಲಿತವು. ಅಂದ್ರೆ ಕೆಟ್ಟ ಅನುಭವದ ಕಲಿಕೆ ಮಾತ್ರ ಬಂದ್. ರಾಣಿ ಹತ್ರ ನಿಲ್ಲಬೇಕಾದ ವಯಸ್ಸಿನ ನೊಣಗಳಿಗೆ ರಾಣಿ ಮೇಲೆ ಬೇಸರ ಹುಟ್ಟಬಾರದು ಅಂತ ಇರಬಹುದು ಅನ್ನೋದು ಅವರ ವಿವರಣೆ. ವಯಸ್ಸಾಗಿ ಹೊರಗೆ ಮೇವಿಗೆ ಹೋಗೋ ನೊಣಗಳಲ್ಲಿ ಈ ತಡೆ ಇಲ್ಲ, ಹೊರಗೆ ಹೋಗೋರಿಗೆ ಅಪಾಯ ನೆನಪಿರಲೇಬೇಕಲ್ಲ.

ಅದೇ 9-ಓಡಿಎಗೆ ಗೂಡಿನ ಹೊರಗೆ ಬೇರೆ ಅರ್ಥ. ಕನ್ಯೆ ರಾಣಿ ಕೂಡೋಕೆ ಅಂತ ಮೇಲಕ್ಕೆ ಹಾರಿದಾಗ ಗಂಡು ಜೇನುಗಳು ಇದೇ ವಾಸನೆ ಹಿಡಿದು ಬಾಲದ ಥರ ಹಿಂದೆ ಬೀಳ್ತವೆ, 1962ರಲ್ಲಿ ನಾರ್ಮನ್ ಗ್ಯಾರಿ ಇದನ್ನ ತೋರಿಸಿದ್ರು. ತಮಾಷೆ ಅಂದ್ರೆ ಅದೇ ಗಂಡುಗಳು ಗೂಡೊಳಗೆ ರಾಣಿ ಪಕ್ಕದಲ್ಲೇ ಹಾದುಹೋದ್ರೂ ತಿರುಗಿ ಕೂಡ ನೋಡಲ್ಲ. ಎತ್ತರ, ಬಯಲು, ಹಾರಾಟ ಎಲ್ಲಾ ಕೂಡಿದ್ರೆ ಮಾತ್ರ ಅದು ಕರೆ.

ರಾಣಿ ಬಗ್ಗೆನೇ ಎಲ್ಲರೂ ಬರೆಯೋದ್ರಿಂದ ಮರಿಗಳ ಮಾತು ಮರೆತೇಹೋಗುತ್ತೆ, ಆದ್ರೆ ಗೂಡಿನ ದಿನಚರಿ ತಿರುಗಿಸೋದರಲ್ಲಿ ಕಣ್ಣು ಕಾಲು ಇಲ್ಲದ ಆ ಬಿಳೀ ಮರಿಹುಳುಗಳ ಪಾಲು ಕಮ್ಮಿ ಏನಿಲ್ಲ. ಎಳೇ ಮರಿಗಳು ಬೀಟಾ-ಒಸಿಮೀನ್ ಅನ್ನೋ ಹಗುರದ ವಾಸನೆ ಬಿಡ್ತವೆ, ಸ್ವಲ್ಪ ದೊಡ್ಡವಾದ್ರೆ ಜೊಲ್ಲಿನ ಗ್ರಂಥಿಯಿಂದ ಎಸ್ಟರ್ ಅನ್ನೋ ಕೊಬ್ಬಿನಂಥ ಕೆಮಿಕಲ್‌ಗಳು 10 ಬಗೆಯವು ಬರ್ತವೆ, ಫ್ರಾನ್ಸಿನ ಈವ್ ಲೆ ಕಾಂಟ್ ಅನ್ನೋರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಈ ವಾಸನೆ ಜಾಸ್ತಿ ಇದೆ ಅಂದ್ರೆ ತಿನ್ನೋ ಬಾಯಿ ಜಾಸ್ತಿ ಇದೆ ಅಂತ ಅರ್ಥ, ಹೊರಗೆ ಹೋಗೋ ನೊಣಗಳು ಮಕರಂದ ಬಿಟ್ಟು ಪರಾಗ ತರೋದು ಹೆಚ್ಚಾಗುತ್ತೆ, ಕೆಲಸಗಾರ ನೊಣಗಳ ಅಂಡಾಶಯ ಬೆಳೆಯೋದಕ್ಕೂ ತಡೆ ಬೀಳುತ್ತೆ. ಮರಿ ಬಲಿತಾಗ ಎಸ್ಟರ್‌ಗಳ ಪ್ರಮಾಣ ಬದಲಾಗುತ್ತೆ, ಕೋಣೆಗೆ ಮೇಣದ ಮುಚ್ಚಳ ಹಾಕೋ ಹೊತ್ತಾಯ್ತು ಅಂತ ನೊಣಗಳಿಗೆ ಗೊತ್ತಾಗೋದು ಹಾಗೆ.

ಆದ್ರೆ ಈ ಮಾತನ್ನ ಇನ್ನೊಬ್ಬರೂ ಕದ್ದು ಕೇಳ್ತಾರೆ. ವರೋವಾ ಅನ್ನೋ ಪರಾವಲಂಬಿ ನುಸಿ ಮರಿ ಇರೋ ಕೋಣೆಗೆ ಮುಚ್ಚಳ ಬೀಳೋಕೆ ಸ್ವಲ್ಪ ಮುಂಚೆ ನುಗ್ಗಿದ್ರೆ ಮಾತ್ರ ಅದರ ಸಂತಾನ ಉಳಿಯೋದು, ಬೇಗ ಹೋದ್ರೂ ಕಷ್ಟ ತಡ ಆದ್ರೂ ಬಾಗಿಲು ಬಂದ್. ಅದಕ್ಕೆ ಸರಿಯಾದ ಸಮಯ ತಿಳಿಸೋದು ಅದೇ ಎಸ್ಟರ್‌ಗಳು, ಅದರಲ್ಲೂ ಮೀಥೈಲ್ ಪಾಲ್ಮಿಟೇಟ್, ಲೆ ಕಾಂಟ್ ತಂಡ 1989ರಲ್ಲೇ ಇದನ್ನ ಪ್ರಕಟಿಸಿತ್ತು. ಗಂಡು ಮರಿಗಳು ಈ ಎಸ್ಟರ್‌ಗಳನ್ನ ಜಾಸ್ತಿನೂ ಬಿಡ್ತವೆ ಹೆಚ್ಚು ಹೊತ್ತೂ ಬಿಡ್ತವೆ, ನುಸಿ ಗಂಡು ಮರಿ ಕೋಣೆಗಳಲ್ಲೇ ಹೆಚ್ಚು ಸಿಗೋದಕ್ಕೆ ಅದೂ ಒಂದು ಕಾರಣ.

ಇನ್ನು ವಯಸ್ಸಾದ ನೊಣಗಳು. ಸಾಮಾನ್ಯವಾಗಿ ನೊಣ ಹುಟ್ಟಿದ ಮೇಲೆ ಸುಮಾರು ಮೂರು ವಾರ ಒಳಗಿನ ಕೆಲಸ, ಆಮೇಲೆ ಹೊರಗಿನ ಕೆಲಸ. ಆದ್ರೆ ಹೊರಗೆ ಹೋಗೋ ನೊಣಗಳನ್ನೆಲ್ಲಾ ತೆಗೆದುಬಿಟ್ರೆ ಒಂದು ವಾರದ ಮರಿ ನೊಣಗಳೂ ಮೇವಿಗೆ ಹೊರಡ್ತವೆ. ಹೊರಗೆ ಹೋಗೋರು ಸಾಕಷ್ಟು ಇದ್ದಾರಾ ಇಲ್ವಾ ಅಂತ ಒಳಗಿನವರಿಗೆ ತಿಳಿಯೋದು ಹೇಗೆ ಅಂದ್ರೆ, ಇಲ್ಲೂ ಅದೇ ಸುದ್ದಿ ನಿಲ್ಲೋ ಕತೆ. ಮೇವಿನ ನೊಣಗಳ ಮೈಯಲ್ಲಿ ಈಥೈಲ್ ಓಲಿಯೇಟ್ ಅನ್ನೋ ಕೆಮಿಕಲ್ ತಯಾರಾಗುತ್ತೆ ಅಂತ 2004ರಲ್ಲಿ ಕಂಡುಹಿಡಿದ್ರು, ಅದು ಅವು ಮಕರಂದ ಹೊತ್ತು ತರೋ ಚೀಲದಲ್ಲೇ ಜಾಸ್ತಿ ಇರುತ್ತೆ, ಮಕರಂದ ಸ್ವಲ್ಪ ಹುಳಿತು ಬಂದ ಆಲ್ಕೋಹಾಲ್ ಓಲಿಯಿಕ್ ಆಸಿಡ್ ಜೊತೆ ಸೇರಿ ಇದು ಹುಟ್ಟೋದು. ಇದು ಎಳೇ ನೊಣಗಳಿಗೆ ಮುಟ್ತಾ ಇರೋವರೆಗೆ ಅವುಗಳ ವಯಸ್ಸಾಗೋದೇ ಒಂಥರ ನಿಧಾನ, ಹೊರಗೆ ಹೊರಡೋದು ತಡ ಆಗುತ್ತೆ. ಮಳೆಯೋ ಕೀಟನಾಶಕವೋ ಮೇವಿನ ನೊಣಗಳನ್ನ ಕೊಂದುಹಾಕಿದ್ರೆ ಸರಬರಾಜು ಕಮ್ಮಿಯಾಗಿ ಒಳಗಿನ ಎಳೆಯರು ಬೇಗ ಹೊರಬೀಳ್ತಾರೆ. ಲೆಕ್ಕ ಇಡೋ ಮೇಸ್ತ್ರಿ ಯಾರೂ ಇಲ್ಲ, ಮಾಡೋ ಕೆಲಸದಿಂದಲೇ ಸಿಗ್ನಲ್ ಹುಟ್ಟೋದ್ರಿಂದ ಲೆಕ್ಕ ತಾನಾಗೇ ಸರಿಹೋಗುತ್ತೆ.

ಮೇಲೆ ಹೇಳಿದ್ದೆಲ್ಲಾ ಹೆಚ್ಚಾಗಿ ಏಪಿಸ್ ಮೆಲ್ಲಿಫೆರಾ, ಅಂದ್ರೆ ಯೂರೋಪಿಯನ್ ಜೇನಿನ ಮೇಲೆ ನಡೆದ ಸಂಶೋಧನೆ. ಆದ್ರೆ 9-ಓಡಿಎ ಬೇರೆ ಏಪಿಸ್ ಜಾತಿಗಳಲ್ಲೂ ಇದೆ.

ಜೇನು ಸಾಕೋರಿಗೆ ಇದೆಲ್ಲಾ ಸೇರಿ ಕೈಗೆ ಬರೋದು ಹೊಸ ರಾಣಿ ಕೊಡುವಾಗ. ಹಳೇ ರಾಣಿ ತೆಗೆದ ಕೂಡಲೇ ಹೊಸದನ್ನ ಸೀದಾ ಒಳಗೆ ಬಿಟ್ರೆ ಬಹಳ ಸಲ ಸುತ್ತ ಮುತ್ತಿಕೊಂಡು ಉಂಡೆ ಕಟ್ಟಿ ಕೊಂದುಬಿಡ್ತವೆ, ಯಾಕಂದ್ರೆ ಹಳೇ ವಾಸನೆ ಇನ್ನೂ ಗೂಡಲ್ಲಿ ಇದೆ, ಹೊಸದರ ಮೈವಾಸನೆ ಪರಕೀಯ. ಅದಕ್ಕೇ ಸಣ್ಣ ಜಾಲರಿ ಪಂಜರದಲ್ಲಿಟ್ಟು ಬಾಯಿಗೆ ಸಕ್ಕರೆ ಪಾಕದ ಗಟ್ಟಿ ಉಂಡೆ ತುಂಬಿ ಎರಿಗಳ ನಡುವೆ ಸಿಕ್ಕಿಸೋದು, ನೊಣಗಳು ಆ ಸಕ್ಕರೆ ತಿಂದು ದಾರಿ ಬಿಡಿಸೋ ಹೊತ್ತಿಗೆ ಕೆಲವು ದಿನ ಆಗಿರುತ್ತೆ, ಅಷ್ಟರಲ್ಲಿ ಜಾಲರಿ ಮೂಲಕವೇ ಹೊಸ ರಾಣಿ ವಾಸನೆ ಹಂಚಿಹೋಗಿರುತ್ತೆ. ನೊಣಗಳು ಜಾಲರಿನ ಕಚ್ಚಿ ಹಿಡ್ಕೊಂಡು ಹೊಟ್ಟೆ ಬಗ್ಗಿಸಿ ಕೂತಿದ್ರೆ, ಬೆರಳಿಂದ ಸರಿಸಿದ್ರೂ ಜಗ್ಗದಿದ್ರೆ ಇನ್ನೂ ಒಪ್ಪಿಲ್ಲ ಅಂತ. ಸಡಿಲವಾಗಿ ಓಡಾಡ್ತಾ, ಮುಟ್ಟಿದ್ರೆ ಸುಲಭಕ್ಕೆ ಸರೀತಾ, ಜಾಲರಿ ಸಂದಿಯಿಂದ ನಾಲಿಗೆ ಚಾಚಿ ರಾಣಿಗೆ ತಿನ್ನಿಸ್ತಾ ಇದ್ರೆ ಬಿಡಬಹುದು.